ಹಳದಿ, ನೇರಳೆ, ಕಾವಿ

ಕರಿ ಕಾವಿ ಕೆಂಪು ಕಿತ್ತಳೆ, ಹಳದಿ ಹಸಿರು, ನೀಲಿ ನೇರಳೆ, ಬೂದಿ ಬಿಳಿ. ಇದು ಮಂತ್ರವಲ್ಲ, ಶಿಶುಗೀತೆಯೂ ಅಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಬಣ್ಣದಲ್ಲಿ ಎಣಿಸುವ ಕ್ರಮ. ರೇಡಿಯೋ ಬಿಚ್ಚಿದರೆ ಒಳಗೆ ರೆಸಿಸ್ಟರ್ ಎಂಬ ಪುಟ್ಟ ಸಾಮಾನುಗಳು ಕಾಣುತ್ತವೆ. ಹರಿಯುವ ಕರೆಂಟನ್ನು ಬೇಕಾದಷ್ಟಕ್ಕೆ ತಡೆದು ಬಿಡುವುದು ಅವುಗಳ ಕೆಲಸ. ಎಷ್ಟು ತಡೆಯಬೇಕು ಅನ್ನುವುದನ್ನು ಮೈಮೇಲಿನ ಬಣ್ಣದ ಉಂಗುರಗಳೇ ಹೇಳುತ್ತವೆ. ಮೊದಲ ಎರಡು ಉಂಗುರ ಎರಡು ಅಂಕಿ, ಮೂರನೆಯದು ಅದರ ಮುಂದೆ ಎಷ್ಟು ಸೊನ್ನೆ ಎಂಬುದರ ಲೆಕ್ಕ. ಕಡೂರಿನ ತೀರ್ಥಪ್ಪ ಮೇಷ್ಟ್ರು ನನಗೆ ರೇಡಿಯೋ ಕೆಲಸ ಕಲಿಸಿದವರು. ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಈ ಸಾಲನ್ನು ತಾವೇ ಕಟ್ಟಿಕೊಂಡಿದ್ದರು. ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿದೆ. ಆಮೇಲೆ ಅದರ ಬಗ್ಗೆ ಒಂದು ದಿನವೂ ಯೋಚಿಸಲಿಲ್ಲ.

ನನ್ನ ಅಂಗಡಿ ತರೀಕೆರೆಯ ಬಿ.ಎಚ್. ರಸ್ತೆಯಲ್ಲಿ. ಬೋರ್ಡಿನ ಮೇಲೆ ಓಂಕಾರಮೂರ್ತಿ ಅಂತ ಬರೆಸಿದ್ದರೂ ಜನಕ್ಕೆ ನಾನು ರೇಡಿಯೋ ಮೂರ್ತಿ. ಲಕ್ಕವಳ್ಳಿ, ಹಿರೇನಲ್ಲೂರು, ಬುಕ್ಕಾಂಬುಧಿ ಕಡೆಯಿಂದೆಲ್ಲ ರೇಡಿಯೋಗಳು ಬರುತ್ತಿದ್ದವು. ಜನ ಅವನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಟಾಪಿಗೆ ಎಸೆದು ತರುತ್ತಿದ್ದರು. ಮನೆಯಲ್ಲಿ ಬಲ್ಬಿನಂಥ ಗಾಜಿನ ವಾಲ್ವ್ ಒಂದು ಕೆಟ್ಟಿದ್ದರೆ ನನ್ನ ಅಂಗಡಿಗೆ ಬರುವಷ್ಟರಲ್ಲಿ ಮೂರು ಒಡೆದಿರುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ನಾನೇ ಒಂದು ಪದ್ಧತಿ ಮಾಡಿದೆ. ಸಣ್ಣ ರಿಪೇರಿಗೆ ಪೆಟ್ಟಿಗೆ ತರಬೇಡಿ. ಹಿಂಬದಿ ಬಿಚ್ಚಿ, ಸುಟ್ಟ ಸಾಮಾನಿನ ಬಣ್ಣಗಳನ್ನು ಕಾರ್ಡಿನಲ್ಲಿ ಬರೆದು ಹಾಕಿ. ನಾನು ಹೊಸದನ್ನು ಪೊಟ್ಟಣ ಕಟ್ಟಿ ಬಸ್ಸಿನ ಕಂಡಕ್ಟರ ಕೈಲಿ ಕಳಿಸುತ್ತೇನೆ. ಊರಲ್ಲಿ ಬೆಸುಗೆ ಹಾಕಲು ಬರುವವರ ಹತ್ತಿರ ಹಾಕಿಸಿಕೊಳ್ಳಿ. ಬಣ್ಣಕ್ಕೆ ಪುಸ್ತಕದ ಹೆಸರೇ ಬೇಕೆಂದಿಲ್ಲ, ನಿಮಗೆ ತಿಳಿದ ಹೆಸರು ಬರೆಯಿರಿ, ನಾನು ಅರ್ಥ ಮಾಡಿಕೊಳ್ಳುತ್ತೇನೆ ಅಂತ ದೊಡ್ಡ ಗಂಟಲಿನಲ್ಲಿ ಹೇಳಿದವನೂ ನಾನೇ.

ವಿಮಲಮ್ಮ ಮೊದಲ ಸಲ ಬಂದದ್ದು ಎಪ್ಪತ್ತೇಳರ ಮಳೆಗಾಲದಲ್ಲಿ. ಅಜ್ಜಂಪುರದವರು, ಕೊಬ್ಬರಿ ವ್ಯಾಪಾರದ ಬೆನಕಪ್ಪನವರ ಹೆಂಡತಿ. ರಿಪೇರಿಯಾಗಿದ್ದ ರೇಡಿಯೋ ಒಯ್ಯಲು ಬಂದವರ ಸೆರಗು ಹಿಡಿದುಕೊಂಡು ಆರು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಹೆಸರು ಮಲ್ಲಿಕಾಂಬ, ಮನೆಯಲ್ಲಿ ಕರೆಯುವುದು ಅಂಬಿ. ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತಂತೆ, ಹಾಗಾಗಿ ಮಾತೂ ಬಂದಿರಲಿಲ್ಲ. ಆ ರೇಡಿಯೋ ದೊಡ್ಡ ಸೆಟ್ಟು. ಸರಿಯಾಗಿದೆ ಅಂತ ತೋರಿಸುವ ಹುರುಪಿನಲ್ಲಿ ನಾನು ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದೆ. ಪಕ್ಕದ ಹೋಟೆಲಿನವರು ಬೈಯಲು ಹೊರಗೆ ಬಂದರು. ಅಂಬಿ ತಾಯಿಯ ಸೆರಗು ಬಿಟ್ಟು ರೇಡಿಯೋ ಕಡೆ ತಿರುಗಿದಳು.

ವಿಮಲಮ್ಮ ಅದನ್ನು ನೋಡಿದರು. ನಾನೂ ನೋಡಿದೆ. ಆರಿಸಿ ಮತ್ತೆ ಹಾಕಿದೆ. ಮತ್ತೆ ತಿರುಗಿದಳು.

"ಅಣ್ಣಾ, ಇದು ಕೇಳ್ತು ಅಲ್ವಾ ಇವ್ಳಿಗೆ?" ಎಂದು ಕೇಳಿದರು ವಿಮಲಮ್ಮ. ಜೇಬಿನಲ್ಲಿಡುವ ಕಿವಿಯಂತ್ರ ಇವಳಿಗೆ ಸಾಲುವುದಿಲ್ಲ ಅಂತ ಶಿವಮೊಗ್ಗದ ಡಾಕ್ಟರು ಹೇಳಿ ಕಳಿಸಿದ್ದರಂತೆ. ನಾನು ಆಗ ಮೂವತ್ತೆಂಟರ ಗಂಡಸು, ಮಕ್ಕಳಿಲ್ಲದವನು, ಕೈಯಲ್ಲಿ ಕೆಲಸ ಇದೆ ಅನ್ನುವ ಜಂಬ ಬೇರೆ. ಹದಿನೈದು ದಿನ ಕೊಡಿ ತಾಯಿ ಅಂದೆ.

ಎರಡು ಹಳೇ ರೇಡಿಯೋಗಳ ಹೊಟ್ಟೆ ಬಗೆದು ಆ ಯಂತ್ರ ಮಾಡಿದೆ. ಮೂರು ವಾಲ್ವ್, ಒಂದು ಮೈಕು, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸಿಕ್ಕ ಮಿಲಿಟರಿಯವರ ಹಳೇ ಹೆಡ್‌ಫೋನು. ತಾಯಿ ಮೈಕಿನಲ್ಲಿ ಮಾತಾಡಿದರೆ ಅದು ಹತ್ತಾರು ಪಟ್ಟು ದೊಡ್ಡದಾಗಿ ಮಗುವಿನ ಕಿವಿಯೊಳಗೆ ಹೋಗಬೇಕು. ಆದರೆ ಕೊನೆಯ ವಾಲ್ವಿನಿಂದ ಬರುವ ಸದ್ದಿಗೆ ಒಂದು ಸಭಾಭವನವನ್ನೇ ತುಂಬುವಷ್ಟು ರಭಸ. ಅದನ್ನು ಹಾಗೇ ಕಿವಿಗೆ ಬಿಟ್ಟರೆ ಕಿವಿ ಉಳಿಯುವುದಿಲ್ಲ. ಅದಕ್ಕೆ ವಾಲ್ವಿಗೂ ಹೆಡ್‌ಫೋನಿಗೂ ನಡುವೆ ನಲವತ್ತೇಳು ಸಾವಿರ ಓಮಿನ ಒಂದು ರೆಸಿಸ್ಟರು ಹಾಕಿದೆ. ಅದು ಬಾಗಿಲು ಕಾಯುವವನು. ಅಲ್ಲಿಗೆ ಬಿಸಿ ತಡೆಯುವ ದಪ್ಪದ ರೆಸಿಸ್ಟರು ಹಾಕಬೇಕಿತ್ತು, ಅಂಗಡಿಯಲ್ಲಿ ಇರಲಿಲ್ಲ, ಸಣ್ಣದನ್ನೇ ಹಾಕಿ ಮುಗಿಸಿದೆ. ಸಿಕ್ಕಾಗ ಬದಲಾಯಿಸಿದರಾಯಿತು ಅಂದುಕೊಂಡವನು ಬದಲಾಯಿಸಲಿಲ್ಲ.

ಅಜ್ಜಂಪುರದಲ್ಲಿ ಅದಕ್ಕೆ ಕಿವಿಪೆಟ್ಟಿಗೆ ಅಂತ ಹೆಸರಾಯಿತು. ವಿಮಲಮ್ಮ ದಿನಾ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಗಳನ್ನು ಅದರ ಮುಂದೆ ಕೂರಿಸಿಕೊಂಡರು. ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಿದ್ದರು, ತುಟಿ ನೋಡದೆ ಕಿವಿಯಿಂದಲೇ ಕಲಿಯಲಿ ಅಂತ. ನಾನು ಯಾವಾಗಲಾದರೂ ಆ ಕಡೆ ಹೋದರೆ ಅಂಬಿ ನನ್ನ ಮುಂದೆ ಬಂದು ನಿಂತು ಕಲಿತದ್ದನ್ನೆಲ್ಲ ಒಪ್ಪಿಸುತ್ತಿದ್ದಳು. ಅವ್ವ. ಅಪ್ಪ. ಬೆಲ್ಲ. ಹೂವು. ಮಾವು. ಅವಳ ದನಿ ಒಡಕು, ಮೂಗಿನಲ್ಲಿ ಬರುತ್ತಿತ್ತು. ನಾನು ರಿಪೇರಿ ಮಾಡಿದ ನೂರಾರು ರೇಡಿಯೋಗಳಲ್ಲಿ ಯಾವ ಗಾಯಕಿಯ ದನಿಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಎಂಟು ತಿಂಗಳಲ್ಲಿ ಇಪ್ಪತ್ತಾರು ಮಾತು ಬಂದವು. ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದಿತ್ತು. ಅಲ್ಲೇ ಇರಿಸಿಕೊಂಡು ಮಾತು ಕಲಿಸುತ್ತಿದ್ದರು. ಆದರೆ ಸ್ವಲ್ಪವಾದರೂ ಕೇಳಿಸುವ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು, ಅದೂ ಏಳು ತುಂಬುವುದರೊಳಗೆ. ಅಂಬಿಗೆ ಎಪ್ಪತ್ತೆಂಟರ ಜೂನ್ ಆರನೇ ತಾರೀಖು ಬರಲು ಹೇಳಿ ಕಾಗದ ಬಂತು. ಆಗಸ್ಟಿಗೆ ಅವಳಿಗೆ ಏಳು ತುಂಬುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ಇಲ್ಲ.

ಏಪ್ರಿಲ್ ಮೂರನೇ ವಾರ ನನ್ನ ಅಂಗಡಿಗೆ ಒಂದು ಕಾರ್ಡು ಬಂತು.

"ಅಣ್ಣನವರಿಗೆ ವಿಮಲಮ್ಮ ಮಾಡುವ ನಮಸ್ಕಾರಗಳು. ಕಿವಿಪೆಟ್ಟಿಗೆ ಸೋಮವಾರದಿಂದ ಸದ್ದು ಮಾಡುತ್ತಿಲ್ಲ. ಮೈಕ್‌ಸೆಟ್ ಲಕ್ಕಣ್ಣನವರು ಬಿಚ್ಚಿ ನೋಡಿದರು. ದೊಡ್ಡ ವಾಲ್ವಿನ ಪಕ್ಕ ಒಂದು ಸಾಮಾನು ಸುಟ್ಟಂತೆ ಕಾಣುತ್ತದೆ. ಬಣ್ಣ ಹಳದಿ, ನೇರಳೆ, ಕಾವಿ. ಜೂನ್ ಹತ್ತಿರ ಬಂತು. ದಯವಿಟ್ಟು ಬೇಗ ಕಳಿಸಿ."

ಕಾರ್ಡು ಓದುವಾಗಲೇ ನನ್ನ ನಾಲಿಗೆ ತನ್ನಷ್ಟಕ್ಕೆ ಸಾಲು ಹೇಳಿತು. ಹಳದಿ ನಾಲ್ಕು, ನೇರಳೆ ಏಳು, ಕಾವಿ ಒಂದು. ನಲವತ್ತೇಳರ ಮುಂದೆ ಒಂದು ಸೊನ್ನೆ, ನಾನೂರ ಎಪ್ಪತ್ತು ಓಮು. ಆ ದೊಡ್ಡ ವಾಲ್ವಿನ ಕಾಲಿಗೆ ನಾನೇ ಒಂದು ನಾನೂರ ಎಪ್ಪತ್ತನ್ನು ಹಾಕಿದ್ದೆ. ರೇಡಿಯೋಗಳಲ್ಲಿ ನೂರಕ್ಕೆ ತೊಂಬತ್ತು ಸಲ ಸುಡುವುದೂ ಅದೇ. ಡಬ್ಬಿಯಿಂದ ಒಂದು ತೆಗೆದು, ಪೊಟ್ಟಣ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಕೊಟ್ಟೆ. ಇಷ್ಟಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಬೇಗ ಕಳಿಸಿದೆನಲ್ಲ ಅಂತ ಬೆನ್ನು ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಶಿವಮೊಗ್ಗದ ಬಸ್ಸು ನನ್ನ ಅಂಗಡಿಯ ಎದುರೇ ನಿಂತಿತು. ಅಜ್ಜಂಪುರದ ಲಕ್ಕಣ್ಣ ಅದರಿಂದ ಧುಮುಕಿ ಓಡಿ ಬಂದ. ಮದುವೆ, ನಾಟಕಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು, ಸಾಧು ಮನುಷ್ಯ. ಅವತ್ತು ಅವನ ಮುಖ ನೋಡಿ ನಾನು ಎದ್ದು ನಿಂತೆ.

"ಏನ್ ಕಳ್ಸಿದ್ರಿ ಸ್ವಾಮಿ ನೀವು? ಮಗ ಚೀರ್ಕೊಂಡು ಬಿದ್ಬಿಡ್ತಲ್ರೀ!"

"ಸರಿಯಾಗಿ ಹೇಳೋ ಲಕ್ಕಣ್ಣ. ಏನಾಯ್ತು?"

"ನಿನ್ನೆ ಸಂಜೆ ನಾನೇ ಬೆಸುಗೆ ಹಾಕ್ದೆ. ಆಯಮ್ಮ ಮಗೀಗೆ ಹೆಡ್‌ಫೋನ್ ಹಾಕಿ, ಯಾವಾಗ್ಲೂ ಇರೋ ಜಾಗಕ್ಕೇ ವಾಲ್ಯೂಮ್ ತಿರುಗ್ಸಿ 'ಅಂಬೀ' ಅಂದ್ಲು. ಒಂದೇ ಸಲಕ್ಕೆ ಪೆಟ್ಟಿಗೆ ಊಳಿಡ್ತು ಕಣ್ರೀ. ಹೊರಗೆ ಬೀದೀಲಿದ್ದೋರ್ಗೂ ಕೇಳ್ತು. ಮಗೀನ ಕಿವಿ ಮೇಲಿತ್ತಲ್ಲ ಅದು, ಕಿತ್ತು ಎಸೆಯೋಷ್ಟ್ರಲ್ಲಿ..."

ಹಳೇ ಸಾಮಾನು ಎಲ್ಲಿ ಅಂತ ಕೇಳಿದೆ. ಅಂಗಿಯ ಜೇಬಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟ. ಸುಟ್ಟ ಮಸಿಯನ್ನು ಉಗುರಿನಿಂದ ಕೆರೆದೆ. ಹಳದಿ, ನೇರಳೆ, ಮೂರನೆಯದು ಕಿತ್ತಳೆ.

"ಕಿತ್ತಳೆ ಅಲ್ವೇನೋ ಇದು! ಕಾವಿ ಅಂತ ಬರೆದಿದ್ರಲ್ಲೋ!"

"ಹೂಂ, ಕಾವಿನೇ. ನಿಮ್ಮ ಸ್ವಾಮ್ಗಳು ಉಟ್ಕೊಳ್ಳಲ್ವಾ, ಆ ಕಾವಿ."

ನಾನೂ ಮಠಕ್ಕೆ ನಡೆದುಕೊಳ್ಳುವವನೇ. ಕಾವಿ ಬಟ್ಟೆ ಉಟ್ಟ ಸ್ವಾಮಿಗಳ ಪಾದಕ್ಕೆ ಹುಟ್ಟಿದಾಗಿನಿಂದ ಬೀಳುತ್ತಾ ಬಂದವನೇ. ಯಾರಾದರೂ ಕಾವಿ ಅಂದರೆ ಊರಿಗೆ ಊರೇ ಆ ಬಟ್ಟೆಯನ್ನು ನೆನೆಯುತ್ತದೆ. ನಾನೊಬ್ಬ ಮಾತ್ರ ತೀರ್ಥಪ್ಪ ಮೇಷ್ಟ್ರ ಸಾಲನ್ನು ನೆನೆದೆ. ಅವರ ಕಾವಿ ಗೋಡೆಯ ಬುಡಕ್ಕೆ ಬಳಿಯುವ ಕೆಮ್ಮಣ್ಣಿನ ಕಾವಿ, ಕಂದು ಬಣ್ಣದ್ದು. ಬಾಗಿಲು ಕಾಯುವ ನಲವತ್ತೇಳು ಸಾವಿರದ ಜಾಗಕ್ಕೆ ನಾನೂರ ಎಪ್ಪತ್ತು ಹೋಗಿತ್ತು. ಅಂದರೆ ಬಾಗಿಲಿನಲ್ಲಿ ಯಾರೂ ಇರಲಿಲ್ಲ.

ಬಸ್ಸಿನ ಹತ್ತಿರ ಓಡಿದೆ. ಕಿಟಕಿಯ ಪಕ್ಕ ವಿಮಲಮ್ಮ ಕೂತಿದ್ದರು. ಅಂಬಿ ಅವರ ತೊಡೆಯ ಮೇಲೆ ಮಲಗಿದ್ದಳು, ತಲೆಗೆ ಟವೆಲು ಸುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಅನ್ನುವುದನ್ನು ಬರೆಯದೆ ಬಿಟ್ಟರೆ ಈ ಕತೆ ಬರೆದೂ ಪ್ರಯೋಜನವಿಲ್ಲ.

"ಕಾವಿ ಅಂತ ಯಾಕೆ ಬರೆದ್ರಿ ತಾಯಿ? ಕಿತ್ತಳೆ ಅಂತ ಬರೆಯಬಾರದಿತ್ತಾ?"

ವಿಮಲಮ್ಮ ನನ್ನನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಲಕ್ಕಣ್ಣ ಹತ್ತಿಕೊಂಡ, ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.

ಅಂಗಡಿಗೆ ಬಂದು ಬಾಗಿಲು ಎಳೆದುಕೊಂಡೆ. ಅವರನ್ನು ಬೈದೆ, ತೀರ್ಥಪ್ಪ ಮೇಷ್ಟ್ರನ್ನು ಬೈದೆ, ಸರಿಯಾದ ಹೆಸರಿಲ್ಲದ ಬಣ್ಣವನ್ನು ಬೈದೆ. ಸಂಜೆಯಾಗುವಷ್ಟರಲ್ಲಿ ಬೈಯಲು ನಾನೊಬ್ಬನೇ ಉಳಿದಿದ್ದೆ. ಎರಡು ಕಡೆ ಹಳದಿ ನೇರಳೆ ಇದೆ ಅಂತ ನನಗೆ ಗೊತ್ತಿತ್ತು. ಸುಟ್ಟದ್ದು ಯಾವ ತಂತಿಗೆ ಸೇರಿದ್ದು ಅಂತ ತಿರುಗಿ ಒಂದು ಕಾರ್ಡು ಹಾಕಿದ್ದರೆ ನಾಲ್ಕು ದಿನ ತಡವಾಗುತ್ತಿತ್ತು, ಅಷ್ಟೇ. ಮೊದಲೇ ದಪ್ಪದ ರೆಸಿಸ್ಟರು ಹಾಕಿದ್ದರೆ ಅದು ಸುಡುತ್ತಲೇ ಇರಲಿಲ್ಲ.

ಶಿವಮೊಗ್ಗದ ಡಾಕ್ಟರು ಕಿವಿಗೆ ಔಷಧಿ ಹಾಕಿ, ಒಂದು ತಿಂಗಳು ಕಾಯಿರಿ ಅಂದರಂತೆ. ಉಳಿದಿದ್ದ ಚೂರು ಕೇಳುವಿಕೆ ವಾಪಸ್ಸು ಬರಬಹುದು, ಬರದೆಯೂ ಇರಬಹುದು, ಈಗಲೇ ಹೇಳುವುದಕ್ಕೆ ಆಗುವುದಿಲ್ಲ. ಇದನ್ನೆಲ್ಲ ಲಕ್ಕಣ್ಣ ಬಂದು ಹೇಳಿದ. ನಾನು ದಪ್ಪದ ನಲವತ್ತೇಳು ಸಾವಿರ ಒಂದನ್ನು ಹುಡುಕಿ ತಂದು, ಮೀಟರಿನಲ್ಲಿ ಅಳೆದು, ಮತ್ತೆ ಅಳೆದು, ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಅಜ್ಜಂಪುರದ ಬಸ್ಸು ಹತ್ತುವ ಧೈರ್ಯ ಮಾತ್ರ ಬರಲಿಲ್ಲ.

ಮೇ ಹದಿನಾರಕ್ಕೆ ವಿಮಲಮ್ಮನವರೇ ಹೇಳಿ ಕಳಿಸಿದರು. ನೋವು ಕಡಿಮೆಯಾಗಿದೆ, ಅಣ್ಣ ಬಂದು ಪೆಟ್ಟಿಗೆ ಸರಿಮಾಡಿ ಕೊಡಬೇಕಂತೆ ಅಂತ. ಮಾರನೆಯ ದಿನ ಹೋದೆ.

ನಡುಮನೆಯಲ್ಲಿ ನನಗೆ ಮಣೆ ಹಾಕಿ ನೀರು ಕೊಟ್ಟು, ವಿಮಲಮ್ಮ ಕಂಬಕ್ಕೆ ಆತುಕೊಂಡು ನಿಂತರು. ಒಂದು ತಿಂಗಳಲ್ಲಿ ಅರ್ಧಕ್ಕರ್ಧ ಇಳಿದಿದ್ದರು.

"ನಾನು ಬರ್ದಿದ್ದು ತಪ್ಪಾಯ್ತು ಅಣ್ಣಾ. ಓದಿದೋಳಾಗಿ ಬಣ್ಣದ ಹೆಸ್ರು ಸರಿಯಾಗಿ ಬರೀಲಿಲ್ಲ. ಇವ್ರ ಹತ್ರಾನೂ ಅನ್ನಿಸ್ಕೊಂಡೆ. ನನ್ನ ಮಗೂಗೆ ನಾನೇ ಮಾಡ್ಬಿಟ್ಟೆ."

ತಪ್ಪು ನಿಮ್ಮದಲ್ಲ ತಾಯಿ, ನನ್ನದು. ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಹೇಳಲೇ ಇಲ್ಲ. "ಆಗಿದ್ದು ಆಗೋಯ್ತು ಬಿಡಿ" ಅಂತ ದೊಡ್ಡವನ ಹಾಗೆ ಕ್ಷಮಿಸಿಬಿಟ್ಟು ಪೆಟ್ಟಿಗೆ ಬಿಚ್ಚಲು ಕೂತೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯ ಬರುತ್ತದೆ.

ಕೆಲಸ ಅರ್ಧ ಗಂಟೆಯದ್ದು. ನಾನೂರ ಎಪ್ಪತ್ತನ್ನು ಕಿತ್ತು ಎಸೆದು, ಸರಿಯಾದದ್ದನ್ನು ಬೆಸೆದೆ. ಹೆಡ್‌ಫೋನಿನ ಸುರುಳಿಯೂ ಸುಟ್ಟಿದ್ದರಿಂದ ನಾನು ತಂದಿದ್ದ ಇನ್ನೊಂದನ್ನು ಜೋಡಿಸಿದೆ. ಮೊದಲು ನನ್ನ ಕಿವಿಗೇ ಹಾಕಿಕೊಂಡು ನೋಡಿದೆ, ಆಮೇಲೆ ವಿಮಲಮ್ಮನವರಿಗೆ ಕೊಟ್ಟೆ. ಸದ್ದು ಮೊದಲಿನ ಹಾಗೇ ಹದವಾಗಿ ಬರುತ್ತಿತ್ತು. ಯಂತ್ರದಲ್ಲಿ ಇನ್ನು ಯಾವ ದೋಷವೂ ಇರಲಿಲ್ಲ.

ಅಂಬಿ ಮಾತ್ರ ಹತ್ತಿರ ಬರಲಿಲ್ಲ. ಹೆಡ್‌ಫೋನು ಕಂಡ ಕೂಡಲೇ ಅಡುಗೆಮನೆಗೆ ಓಡಿ ಒರಳಿನ ಹಿಂದೆ ಕೂತಳು. ವಿಮಲಮ್ಮ ಅದನ್ನು ತಾವು ಹಾಕಿಕೊಂಡು ನಕ್ಕು ತೋರಿಸಿದರು. ಬೆಲ್ಲ ಕೊಟ್ಟರು. ಒಂದು ಗಂಟೆಯಾದ ಮೇಲೆ ಮೆಲ್ಲಗೆ ಬಂದು ತಾಯಿಯ ಎದುರು ಕೂತಳು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ತಲೆ ಒಡ್ಡಿದಳು. ಏಟು ಬೀಳುತ್ತದೆ ಅಂತ ಗೊತ್ತಿದ್ದೂ ನಿಂತವರ ಹಾಗೆ ಅವಳ ಹೆಗಲು ಬಿಗಿದಿತ್ತು.

"ಸೆರಗು ಅಡ್ಡ ಹಿಡೀಬೇಡಿ ತಾಯಿ ಇವತ್ತು. ಹೆದರ್ಕೊಂಡಿದೆ ಮಗು. ಮುಖ ನೋಡ್ಕೊಂಡೇ ಹೇಳ್ಲಿ," ಅಂದೆ.

ವಿಮಲಮ್ಮ ಹೆಡ್‌ಫೋನು ತೊಡಿಸಿ, ಮೈಕು ಹಿಡಿದು ಮೆತ್ತಗೆ "ಅವ್ವ" ಅಂದರು. ಅಂಬಿ ಕಣ್ಣು ತೆರೆದಳು. ಏನೂ ಆಗಲಿಲ್ಲವಲ್ಲ ಎಂಬಂತೆ ತಾಯಿಯ ಮುಖ ನೋಡಿದಳು. ತಾಯಿ ಮತ್ತೆ ಹೇಳಿದರು.

"ಅವ್ವ," ಅಂದಳು ಅಂಬಿ.

"ಬೆಲ್ಲ."

"ಬೆಲ್ಲ."

"ಹೂವು."

"ಊವು."

ವಿಮಲಮ್ಮನವರ ಕಣ್ಣಿಂದ ನೀರು ಧಾರಾಕಾರ ಸುರಿಯಿತು. ನಾನು ಮುಖ ತಿರುಗಿಸಿಕೊಳ್ಳಲು ಪೆಟ್ಟಿಗೆಯ ಹಿಂಬದಿಗೆ ಬಗ್ಗಿದೆ. ಹಿಂಬದಿಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಮೂರು ವಾಲ್ವುಗಳೂ ಕಪ್ಪಗಿದ್ದವು. ಕರೆಂಟಿದ್ದರೆ ಒಳಗೆ ಹೊಳೆಯುವ ಕೆಂಪು ಎಳೆ ಒಂದರಲ್ಲೂ ಇರಲಿಲ್ಲ. ಬೆರಳಿಟ್ಟು ನೋಡಿದೆ, ಗಾಜು ಆಗಲೇ ಆರಿತ್ತು. ಆ ಬೇಸಿಗೆಯಲ್ಲಿ ದಿನಾ ಹನ್ನೊಂದಕ್ಕೆ ಪವರ್ ಕಟ್. ಹಗಲು ಹೊತ್ತು, ದೀಪ ಹಾಕಿರಲಿಲ್ಲ, ಕರೆಂಟು ಹೋದದ್ದು ಯಾರಿಗೂ ತಿಳಿದಿರಲಿಲ್ಲ. ಒರಳಿನ ಹಿಂದೆ ಅವಳು ಕೂತಿದ್ದಾಗಲೇ ಹೋಗಿದೆ. ಹೆಡ್‌ಫೋನಿನಲ್ಲಿ ಏನೂ ಇರಲಿಲ್ಲ. ಅಂಬಿ ತಾಯಿಯ ತುಟಿ ನೋಡಿ ಹೇಳುತ್ತಿದ್ದಳು. ತಾಯಿ ಅಳದಿರಲಿ ಅಂತ ಹೇಳುತ್ತಿದ್ದಳೋ ಏನೋ.

"ಕೇಳ್ತು ಅಲ್ವಾ ಅಣ್ಣಾ? ಕೇಳ್ದೆ ಹೆಂಗ್ ಹೇಳ್ತಾಳೆ? ಕಿವಿ ಹೋಗಿಲ್ಲ ಇವ್ಳಿಗೆ, ಅಲ್ವಾ?"

ಅವರ ಮುಖದಲ್ಲಿ ಒಂದು ತಿಂಗಳ ನಂತರ ಕಳೆ ಬಂದಿತ್ತು. ಆ ಮುಖಕ್ಕೆ ಹೇಗೆ ಹೇಳುವುದು ಅಂತ ಆಮೇಲೆ ಎಷ್ಟೋ ಸಲ ನನ್ನನ್ನು ಸಮಾಧಾನ ಮಾಡಿಕೊಂಡಿದ್ದೇನೆ. ನಿಜ ಅದಲ್ಲ. ಮಗುವಿಗೆ ಕೇಳಿಸಿದ್ದರೆ ನನ್ನ ತಪ್ಪು ಅಳಿಸಿಹೋಗುತ್ತಿತ್ತು. ನನಗೆ ಅದು ಬೇಕಾಗಿತ್ತು.

"ಕೇಳ್ತು ತಾಯಿ," ಅಂದೆ. "ಚೆನ್ನಾಗೇ ಕೇಳ್ತು."

ಕರೆಂಟು ಬರುವುದರೊಳಗೆ ಮುಚ್ಚಳ ಹಾಕಿ, ಊಟಕ್ಕೂ ನಿಲ್ಲದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಹೊಸಲು ದಾಟುವಾಗ ಒಳಗೆ ವಿಮಲಮ್ಮ ಮತ್ತೆ ಮಾತು ಹೇಳಿಸುತ್ತಿದ್ದರು. ಇನ್ನೂ ಇಪ್ಪತ್ತು ದಿನ ಇದೆ, ಅಷ್ಟರಲ್ಲಿ ನಿಜವಾಗಿಯೂ ಕೇಳಿಸಬಹುದು, ಡಾಕ್ಟರೇ ಹೇಳಿದ್ದಾರಲ್ಲ ಅಂದುಕೊಂಡೆ. ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡೆ.

ಜೂನ್ ಒಂಬತ್ತಕ್ಕೆ ವಿಮಲಮ್ಮ ಅಂಗಡಿಗೆ ಬಂದರು. ಜೊತೆಗೆ ಅಂಬಿ ಇದ್ದಳು. ಲಕ್ಕಣ್ಣ ಹಿಂದಿನಿಂದ ಕಿವಿಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದು, ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೊರಗೆ ಹೋಗಿ ನಿಂತ.

ಮೈಸೂರಿನಲ್ಲಿ ಏನಾಯಿತು ಅಂತ ಕೇಳುವ ಅಗತ್ಯ ಇರಲಿಲ್ಲ. ಆದರೂ ಕೇಳಿದೆ.

"ಬೆನ್ನ ಹಿಂದೆ ನಿಂತ್ಕೊಂಡು ಕೂಗಿದ್ರು. ತಮಟೆ ಹೊಡೆದ್ರು. ಅವ್ರ ಮಿಷನ್ನೂ ಹಾಕಿ ನೋಡಿದ್ರು. ಇವ್ಳು ಅಲ್ಲಾಡ್ಲಿಲ್ಲ. ಎರಡು ಕಿವೀಲೂ ಏನೂ ಉಳಿದಿಲ್ಲ ತಾಯಿ, ತುಟಿ ನೋಡಿ ಹೇಳ್ತಾಳೆ ಅಷ್ಟೇ ಅಂದ್ರು. ಒಳ್ಳೆ ಮಾತಿಂದಾನೇ ಹೇಳಿದ್ರು."

ವಿಮಲಮ್ಮನವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಅವತ್ತು ನಮ್ಮನೇಗೆ ಬಂದಾಗ ಇವ್ಳಿಗೆ ನಿಜವಾಗ್ಲೂ ಕೇಳ್ತಾ ಅಣ್ಣಾ?"

"ಇಲ್ಲ," ಅಂದೆ. "ಕರೆಂಟೇ ಇರ್ಲಿಲ್ಲ."

"ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು ತಾಯಿ. ತಪ್ಪೂ ನಂದೇ. ಕಾವಿ ಅಂತ ನೀವು ಬರ್ದಿದ್ದು ಸರಿಯಾಗೇ ಇತ್ತು."

ಎರಡೂ ಮಾತು ಕೊನೆಗೂ ಬಾಯಿಂದ ಬಂದಿದ್ದವು. ಬಂದು ಏನೂ ಆಗಲಿಲ್ಲ. ವಿಮಲಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತರು. ತಮ್ಮ ಬಲಗೈಯನ್ನು ನೋಡಿಕೊಂಡರು.

"ನೀವು ಹೋದ ಮಾರನೇ ದಿನದಿಂದ ಸೆರಗು ಅಡ್ಡ ಹಿಡ್ದು ಹೇಳಿಸ್ದೆ. ಒಂದ್ ಮಾತೂ ಹೇಳ್ಲಿಲ್ಲ ಇವ್ಳು. ಅಣ್ಣ ಕೇಳ್ತದೆ ಅಂದ್ರಲ್ಲ, ಇವ್ಳಿಗೇ ಹಠ, ಬಾಯಿ ನೋಡೋ ಚಾಳಿ ಬಿದ್ದಿದೆ ಅಂದ್ಕೊಂಡೆ. ದಿನ ಕಮ್ಮಿ ಇತ್ತು. ಹೊಡ್ದೆ ಕಣ್ರೀ. ದಿನಾ ಹೊಡ್ದೆ. ಯಾಕೆ ಹೊಡೀತಿದೀನಿ ಅಂತ್ಲೂ ಗೊತ್ತಾಗ್ದೆ ಕೂತಿರ್ತಿತ್ತು ಮಗ. ಈಗ ಬಾಯಿ ನೋಡಿದ್ರೂ ಏನೂ ಹೇಳಲ್ಲ. ಅವ್ವ ಅನ್ನೋದೂ ನಿಂತೋಯ್ತು."

ನನಗೆ ಅಳು ಬಂತು. ಅತ್ತುಬಿಟ್ಟೆ. ವಿಮಲಮ್ಮ ಅಳಲಿಲ್ಲ. ಎದ್ದು ಸೆರಗು ಸರಿ ಮಾಡಿಕೊಂಡು, ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ, ನಮಗೆ ಬೇಡ ಅಂದರು.

ಅಂಬಿ ಬಾಗಿಲ ಹತ್ತಿರ ರಸ್ತೆ ನೋಡುತ್ತಾ ನಿಂತಿದ್ದಳು. ಹತ್ತಿರ ಹೋದೆ. ತಲೆ ಸವರೋಣ ಅಂತ ಕೈ ಎತ್ತಿದೆ. ಅವಳು ತಟಕ್ಕನೆ ಎರಡೂ ಅಂಗೈಗಳಿಂದ ಕೆನ್ನೆ ಮುಚ್ಚಿಕೊಂಡಳು. ಮುಚ್ಚಿಕೊಂಡು, ನಾನು ಹೊಡೆದು ಮುಗಿಸಲಿ ಅಂತ ಕಾಯುತ್ತಾ ನಿಂತಳು.